ಮಗನ ಇನ್ಶುರೆನ್ಸ್ ಕಂಪನಿ ಮುಂದಿಟ್ಟ ಪತ್ರಕ್ಕೆ ನಾವು ಸಹಿ ಹಾಕಬೇಕಾ?

ಓದುಗರ ಪ್ರಶ್ನೆ: ನಮಸ್ಕಾರ ಮೇಡಂ. ನಾವು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇವೆ. ನಾನು, ನಮ್ಮನೆಯವರು ಇಬ್ಬರಿಗೂ ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಯಿತು. ಮಗನಿಗೆ ಆರು ವರ್ಷ, ಇಲ್ಲೇ ಹುಟ್ಟಿದವನು. ಅವನಿಗೆ ಆಟಿಸಂ ಇದೆ. ನಮ್ಮನೆಯವರ ಕೆಲಸ ಹೋದ ಮೇಲೆ ಅವನಿಗೆ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಮಾಡಿಸಿದೆವು. ಅದನ್ನು ಒಂದು ಖಾಸಗಿ ಇನ್ಶುರೆನ್ಸ್ ಕಂಪನಿ ನಡೆಸುತ್ತದೆ. ಇದೇ ಕಂಪನಿ ಎರಡು ಸಲ ಅವನ ಎಬಿಎ ಥೆರಪಿ (ಆಟಿಸಂ ಇರುವ ಮಕ್ಕಳಿಗೆ ನಡವಳಿಕೆ, ಕೌಶಲ ಕಲಿಸುವ ಥೆರಪಿ) ಗಂಟೆ ಕಡಿಮೆ ಮಾಡಿದೆ. ಎರಡನೇ ಸಲದ ಕಾಗದ ಮೊನ್ನೆ ಬಂತು. ಅದೇ ವಾರ ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ನೋಡಿದೆ. ‘ಮೆಡಿಕೇಡ್ ಉಳಿಸಿ, ನಿಮ್ಮ ಶಾಸಕರಿಗೆ ಬರೆಯಿರಿ’ ಅಂತಿತ್ತು. ಒಳಗೆ ಪತ್ರ ಸಿದ್ಧವಾಗಿತ್ತು. ಹೆಸರು, ವಿಳಾಸ, ಮಗನ ಕಥೆ ತುಂಬಿದರೆ ಸಾಕು. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿದರೆ, ಇದಕ್ಕೆ ದುಡ್ಡು ಕೊಟ್ಟವರಲ್ಲಿ ನಮ್ಮ ಕಂಪನಿಯೂ ಇದೆ! ಗಂಟೆ ಕತ್ತರಿಸುವವರು ಇವರೇ, ಮೆಡಿಕೇಡ್ ಉಳಿಸಿ ಅನ್ನುವವರೂ ಇವರೇ. ಇದನ್ನು ನಂಬಬಹುದಾ? ಸಹಿ ಹಾಕದಿದ್ದರೆ ಮಗನಿಗೆ ಏನಾದರೂ ತೊಂದರೆ ಮಾಡುತ್ತಾರಾ? ಹಾಕಿದರೆ ಮುಂದೆ ನಮ್ಮ ಸಿಟಿಜನ್‌ಶಿಪ್‌ಗೆ ಅಡ್ಡಿ ಆಗುತ್ತದಾ?

ಉತ್ತರ:

ಮೊದಲು ಭಯದ ಮಾತು ಮುಗಿಸಿಬಿಡೋಣ. ಸಹಿ ಹಾಕಲಿಲ್ಲ ಅಂತ ನಿಮ್ಮ ಮಗನ ಒಂದು ನಿಮಿಷದ ಥೆರಪಿಯನ್ನೂ ಅವರು ಕಡಿಮೆ ಮಾಡುವಂತಿಲ್ಲ. ಗಂಟೆ ಎಷ್ಟು ಅನ್ನುವುದು ವೈದ್ಯಕೀಯ ಅಗತ್ಯದ ಮೇಲೆ ಮಾತ್ರ ನಿಲ್ಲಬೇಕು. ಕಡಿಮೆ ಮಾಡಿದರೆ ಕಾರಣವನ್ನು ಬರೆದು ಕೊಡಬೇಕು.

ಇನ್ನು ಸಿಟಿಜನ್‌ಶಿಪ್. ಶಾಸಕರಿಗೆ ಪತ್ರ ಬರೆಯುವುದು ಓಟು ಹಾಕಿದಂತೆ ಅಲ್ಲ. ಅಲ್ಲಿ ವಾಸಿಸುವ ಯಾರು ಬೇಕಾದರೂ ಬರೆಯಬಹುದು. ‘ಪಬ್ಲಿಕ್ ಚಾರ್ಜ್’, ಅಂದರೆ ಸರ್ಕಾರದ ನೆರವನ್ನೇ ನಂಬಿ ಬದುಕುವವರಾ ಅಂತ ನೋಡುವ ಪರೀಕ್ಷೆಯ ಬಗ್ಗೆ ನಮ್ಮ ಜನರಲ್ಲಿ ತುಂಬಾ ಗೊಂದಲ ಇದೆ. ಅದು ಮುಖ್ಯವಾಗಿ ಗ್ರೀನ್ ಕಾರ್ಡ್ ಕೊಡುವಾಗ ನೋಡುವ ವಿಷಯ, ಸಿಟಿಜನ್‌ಶಿಪ್ ಅರ್ಜಿಯಲ್ಲಿ ಆ ಪರೀಕ್ಷೆ ಇಲ್ಲ. ಅದೂ ಅಲ್ಲದೆ ಮೆಡಿಕೇಡ್ ಇರುವುದು ಅಮೆರಿಕದ ಪ್ರಜೆಯಾದ ನಿಮ್ಮ ಮಗನ ಹೆಸರಿನಲ್ಲಿ. ನೀವಿಬ್ಬರೂ ಈಗ ಅರ್ಜಿ ಹಾಕಿದರೂ ಬಹುಶಃ ಸಿಗುವುದಿಲ್ಲ, ಯಾಕೆಂದರೆ 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಬಂದ ಹೆಚ್ಚಿನ ದೊಡ್ಡವರು ಐದು ವರ್ಷ ಕಾಯಬೇಕು. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ಹೋಗಿ ಒಂದೇ ಸಮ 180 ದಿನಕ್ಕಿಂತ ಜಾಸ್ತಿ ಉಳಿದರೆ, ವಾಪಸ್ ಬರುವಾಗ ನಿಮ್ಮನ್ನು ಹೊಸದಾಗಿ ಒಳಗೆ ಬರುವವರಂತೆ ನೋಡಬಹುದು. ಆಗ ಈ ಪ್ರಶ್ನೆ ಏಳುತ್ತದೆ. 2022ರ ನಿಯಮ ಮಕ್ಕಳ ಮೆಡಿಕೇಡನ್ನು ತಂದೆತಾಯಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಆ ನಿಯಮವನ್ನೇ ತೆಗೆದುಹಾಕುವ ಪ್ರಸ್ತಾವವನ್ನು 2025ರ ನವೆಂಬರ್‌ನಲ್ಲಿ ಸರ್ಕಾರ ಮುಂದಿಟ್ಟಿದೆ. ಹಾಗಾಗಿ ಅಷ್ಟು ದಿನ ಹೋಗುವ ಯೋಚನೆ ಇದ್ದರೆ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿಯೇ ಹೊರಡಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಗಂಟೆ ಕತ್ತರಿಸುವ ಕಂಪನಿ ಮೆಡಿಕೇಡ್ ಉಳಿಸಿ ಅಂತ ಯಾಕೆ ಹೇಳುತ್ತದೆ? ನಾನು ಕೆಲವು ವರ್ಷ ಒಂದು ಇನ್ಶುರೆನ್ಸ್ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ರಾಜ್ಯಗಳ ಶಾಸನಸಭೆಗೆ ಬರುವ ಬಿಲ್‌ಗಳನ್ನು ಓದುವುದು, ಯಾವುದಕ್ಕೆ ಬೆಂಬಲ, ಯಾವುದಕ್ಕೆ ವಿರೋಧ ಅಂತ ಟಿಪ್ಪಣಿ ಬರೆಯುವುದು. ಈಗ ಮೆಡಿಕೇಡ್ ಅಪೀಲ್‌ಗಳಲ್ಲಿ ಕುಟುಂಬಗಳಿಗೆ ನೆರವಾಗುತ್ತೇನೆ. ಎರಡೂ ಕಡೆ ಕೂತು ನೋಡಿದ್ದರಿಂದ ಹೇಳುತ್ತೇನೆ, ಅವರ ಎರಡು ಮಾತೂ ನಿಜವಾದವೇ. ಎರಡಕ್ಕೂ ಮೂಲ ಒಂದೇ ಲೆಕ್ಕದ ಪುಸ್ತಕ.

ನಮ್ಮ ಕರ್ನಾಟಕದ ಆಯುಷ್ಮಾನ್ ಕಾರ್ಡ್ ನೆನಪು ಮಾಡಿಕೊಳ್ಳಿ. ಅಲ್ಲಿ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕೊಡುತ್ತದೆ. ನಡುವೆ ಇನ್ಶುರೆನ್ಸ್ ಕಂಪನಿ ಇಲ್ಲ. ಮೆಡಿಕೇಡ್ ಕೂಡ 1965ರಲ್ಲಿ ಶುರುವಾದಾಗ ಹೆಚ್ಚುಕಮ್ಮಿ ಹಾಗೇ ಇತ್ತು. ಕೇಂದ್ರ ಸರ್ಕಾರ ಒಂದು ಪಾಲು, ರಾಜ್ಯ ಒಂದು ಪಾಲು, ಬಿಲ್ ಬಂದಂತೆ ಪಾವತಿ. ಆಮೇಲೆ ರಾಜ್ಯಗಳು ಒಂದೊಂದಾಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟವು. ಇವತ್ತು ದೇಶದ ಮೆಡಿಕೇಡ್ ಸದಸ್ಯರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇಂಥ ಕಂಪನಿಗಳ ಕೈಯಲ್ಲಿದ್ದಾರೆ. ನಾರ್ತ್ ಕ್ಯಾರೊಲೈನಾ ತಡವಾಗಿ, 2021ರ ಜುಲೈ 1ರಂದು, ಈ ದಾರಿಗೆ ಬಂತು.

ಗುತ್ತಿಗೆಯ ತಿರುಳು ಇಷ್ಟು. ರಾಜ್ಯ ಪ್ರತಿ ಸದಸ್ಯನಿಗೆ ತಿಂಗಳಿಗೆ ಇಷ್ಟು ಅಂತ ಕಂಪನಿಗೆ ಕಟ್ಟುತ್ತದೆ. ಸದಸ್ಯ ಆಸ್ಪತ್ರೆಗೆ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಸುಮ್ನೆ ಒಂದು ಲೆಕ್ಕ ಹಾಕೋಣ. 100 ಮಕ್ಕಳು, ತಲೆಗೆ 300 ಡಾಲರ್. ಕಂಪನಿಗೆ ತಿಂಗಳಿಗೆ 30,000 ಬಂತು. 90 ಮಕ್ಕಳಿಗೆ ಹೆಚ್ಚೇನೂ ಖರ್ಚಿಲ್ಲ. ಉಳಿದ 10 ಮಕ್ಕಳಿಗೆ ಥೆರಪಿ, ಆಪರೇಶನ್ ಅಂತ ದೊಡ್ಡ ಖರ್ಚು. ಹೀಗಿರುವಾಗ ರಾಜ್ಯ ನವೀಕರಣದ ಕಾಗದಪತ್ರ ಬಿಗಿ ಮಾಡಿತು ಅಂದುಕೊಳ್ಳಿ. ಯಾರು ಬಿಟ್ಟುಹೋಗುತ್ತಾರೆ? ಆರೋಗ್ಯವಾಗಿರುವ ಮಕ್ಕಳ ಅಪ್ಪ ಅಮ್ಮ ಫಾರಂ ತುಂಬುವುದನ್ನು ಮರೆಯುತ್ತಾರೆ. ನಿಮ್ಮಂಥವರು ಮರೆಯುವುದಿಲ್ಲ. 100 ಹೋಗಿ 70 ಆಯಿತು, ಆದರೆ ಆ 10 ಮಕ್ಕಳು ಒಳಗೇ ಇದ್ದಾರೆ. ಬರುವ ದುಡ್ಡು 21,000ಕ್ಕೆ ಇಳಿಯಿತು, ಖರ್ಚು ಇಳಿಯಲೇ ಇಲ್ಲ.

ಇದು ಬರೀ ಊಹೆ ಅಲ್ಲ. ಕೋವಿಡ್ ಕಾಲದಲ್ಲಿ ಯಾರನ್ನೂ ಮೆಡಿಕೇಡ್‌ನಿಂದ ತೆಗೆಯಬಾರದು ಅಂತ ಇತ್ತು. 2023ರ ಏಪ್ರಿಲ್‌ನಿಂದ ಆ ರಕ್ಷಣೆ ಹೋಯಿತು. ದೇಶದಲ್ಲಿ ಎರಡೂವರೆ ಕೋಟಿಗಿಂತ ಹೆಚ್ಚು ಜನ ಹೊರಬಿದ್ದರು. ಅವರಲ್ಲಿ ಹೆಚ್ಚಿನವರು ಅರ್ಹರಲ್ಲ ಅಂತ ತೀರ್ಮಾನವಾಗಿ ಹೋದವರಲ್ಲ. ಫಾರಂ ತಲುಪಲಿಲ್ಲ, ಸಮಯಕ್ಕೆ ವಾಪಸ್ ಹೋಗಲಿಲ್ಲ ಅನ್ನುವ ಕಾರಣಕ್ಕೆ ಹೋದವರು. ಉಳಿದ ಸದಸ್ಯರ ಖರ್ಚಿಗೆ ತಕ್ಕಂತೆ ರಾಜ್ಯಗಳು ದರ ಏರಿಸಲಿಲ್ಲ ಅಂತ ಆಗ ದೊಡ್ಡ ಮೆಡಿಕೇಡ್ ಕಂಪನಿಗಳು ಬಹಿರಂಗವಾಗಿಯೇ ಹೇಳಿದವು.

ಹಾಗಾಗಿ ಸದಸ್ಯರು ಜಾಸ್ತಿ ಇರಬೇಕು, ನವೀಕರಣ ಸುಲಭ ಇರಬೇಕು, ರಾಜ್ಯದ ಬಜೆಟ್‌ನಲ್ಲಿ ದುಡ್ಡು ಇರಬೇಕು, ಈ ಮೂರರಲ್ಲಿ ಅವರ ಹಿತವೂ ನಿಮ್ಮ ಹಿತವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಈ ಮೂರಕ್ಕಾಗಿ ಅವರು ನಿಜವಾಗಿಯೂ ಹೋರಾಡುತ್ತಾರೆ. ಅದರಲ್ಲಿ ನಾಟಕ ಇಲ್ಲ.

ದಾರಿ ಬೇರೆಯಾಗುವುದು ಮುಂದಿನ ತಿರುವಿನಲ್ಲಿ. ಬಂದ ದುಡ್ಡು ಗೊತ್ತಾದ ಮೇಲೆ, ಚಿಕಿತ್ಸೆಗೆ ಖರ್ಚಾಗದೆ ಉಳಿದದ್ದರಲ್ಲೇ ಕಂಪನಿಯ ಆಡಳಿತ, ಲಾಭ ಎಲ್ಲ. 100 ಡಾಲರ್‌ನಲ್ಲಿ 85ನ್ನಾದರೂ ಚಿಕಿತ್ಸೆಗೆ, ಅದರ ಗುಣಮಟ್ಟಕ್ಕೆ ಖರ್ಚು ಮಾಡುವ ಲೆಕ್ಕದಲ್ಲಿ ದರ ಕಟ್ಟಬೇಕು ಅಂತ ಕೇಂದ್ರದ ನಿಯಮ ಇದೆ. ಆ ಗೆರೆಯ ಮೇಲೆ ಆಡಲು ಜಾಗ ಇದ್ದೇ ಇದೆ. ಅಲ್ಲಿ ಬರುವುದೇ ‘ಪ್ರಯರ್ ಆಥರೈಸೇಶನ್’, ಅಂದರೆ ಚಿಕಿತ್ಸೆಗೆ ಮೊದಲೇ ಪಡೆಯಬೇಕಾದ ಒಪ್ಪಿಗೆ. ಕೇಂದ್ರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2023ರಲ್ಲಿ ಒಂದು ವರದಿ ಕೊಟ್ಟಿತು. 37 ರಾಜ್ಯಗಳ 115 ಮೆಡಿಕೇಡ್ ಪ್ಲಾನ್‌ಗಳ 2019ರ ಲೆಕ್ಕ ಅದು. ಒಪ್ಪಿಗೆ ಕೇಳಿದ ಪ್ರತಿ ಎಂಟರಲ್ಲಿ ಒಂದು ಅರ್ಜಿ ತಿರಸ್ಕಾರವಾಗಿತ್ತು. 12 ಪ್ಲಾನ್‌ಗಳಲ್ಲಂತೂ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ. ನಿಮ್ಮ ಮಗನಿಗೆ ಬಂದ ಕಾಗದ ಈ ಸಾಲಿಗೆ ಸೇರಿದ್ದು.

ಕಂಪನಿಗಳ ಕಡೆಯ ಮಾತನ್ನೂ ಹೇಳಬೇಕು. ಎಬಿಎಯಲ್ಲಿ ದುರ್ಬಳಕೆ ನಡೆದೇ ಇಲ್ಲ ಅನ್ನುವಂತಿಲ್ಲ. ಇದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇಂಡಿಯಾನಾ ರಾಜ್ಯದ 2019, 2020ರ ಎಬಿಎ ಬಿಲ್‌ಗಳನ್ನು ತಪಾಸಣೆ ಮಾಡಿತು. ಕನಿಷ್ಠ 5.6 ಕೋಟಿ ಡಾಲರ್ ನಿಯಮ ಮೀರಿ ಪಾವತಿಯಾಗಿದೆ ಅಂತ ಅಂದಾಜು ಕೊಟ್ಟಿತು. ಸರಿಯಾದ ದಾಖಲೆಯಿಲ್ಲದ ಸೆಶನ್‌ಗಳಿಗೂ ದುಡ್ಡು ಹೋಗಿತ್ತು. ಯಾರಾದರೂ ನೋಡಲೇಬೇಕು, ಅಲ್ವಾ? ಆದರೆ ಅಂಥ ಕ್ಲಿನಿಕ್‌ಗಳನ್ನು ಹಿಡಿಯುವ ಬದಲು ಎಲ್ಲ ಮಕ್ಕಳ ಗಂಟೆಗೂ ಒಂದೇ ಕತ್ತರಿ ಆಡಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಕಂಪನಿಯಲ್ಲಿದ್ದಾಗಲೂ ಕಂಡಿರಲಿಲ್ಲ.

ಶಾಸನಸಭೆಯಲ್ಲಿ ಈ ಎರಡು ಮುಖ ಹೇಗೆ ಕಾಣುತ್ತದೆ ನೋಡಿ. 2023ರ ಮಾರ್ಚ್‌ನಲ್ಲಿ ನಿಮ್ಮ ರಾಜ್ಯದಲ್ಲಿ ಮೆಡಿಕೇಡ್ ವಿಸ್ತರಣೆಯ ಬಿಲ್, ಅಂದರೆ ಕಡಿಮೆ ಆದಾಯದ ಇನ್ನಷ್ಟು ದೊಡ್ಡವರನ್ನು ಸೇರಿಸಿಕೊಳ್ಳುವ ಬಿಲ್, ಕಾನೂನಾಯಿತು. ಡಿಸೆಂಬರ್ 1ರಿಂದ ಜಾರಿಗೆ ಬಂತು. ಒಂದೇ ವರ್ಷದಲ್ಲಿ ಆರು ಲಕ್ಷ ಜನ ಸೇರಿದರು. ಇಂಥ ಬಿಲ್‌ಗೆ ಕಂಪನಿಗಳ ಬೆಂಬಲ ಸಹಜ, ಸದಸ್ಯರು ಬಂದಂತೆ ದುಡ್ಡೂ ಬರುತ್ತದೆ. ಇನ್ನೊಂದು ಕಡೆ, ಟೆಕ್ಸಸ್‌ನಲ್ಲಿ 2021ರಲ್ಲಿ ‘ಗೋಲ್ಡ್ ಕಾರ್ಡ್’ ಅನ್ನುವ ಕಾನೂನು ಬಂತು. ಒಬ್ಬ ಡಾಕ್ಟರ್ ಕೇಳಿದ ಒಪ್ಪಿಗೆಗಳಲ್ಲಿ 90 ಶೇಕಡಾ ಪಾಸಾಗಿದ್ದರೆ, ಆ ಚಿಕಿತ್ಸೆಗೆ ಅವರು ಮತ್ತೆ ಮತ್ತೆ ಒಪ್ಪಿಗೆ ಕೇಳಬೇಕಾಗಿಲ್ಲ. ಕುಟುಂಬಗಳಿಗೆ ಇದು ನೆಮ್ಮದಿಯ ಮಾತು. ಅಲ್ಲಿನ ಇನ್ಶುರೆನ್ಸ್ ಕಂಪನಿಗಳ ಸಂಘ ಇದನ್ನು ವಿರೋಧಿಸಿತು. ಖರ್ಚು ಏರುತ್ತದೆ, ಕೆಟ್ಟ ಚಿಕಿತ್ಸೆಗೆ ತಡೆ ಇರುವುದಿಲ್ಲ ಅನ್ನುವುದು ಇಂಥ ಬಿಲ್‌ಗಳ ವಿರುದ್ಧ ಅವರ ವಾದ.

ನಾನು ಟಿಪ್ಪಣಿ ಬರೆಯುತ್ತಿದ್ದಾಗ ಬಿಲ್ ಕೈಗೆ ಬಂದ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆವು. ಇದರಿಂದ ಸದಸ್ಯರ ಸಂಖ್ಯೆ, ದರ ಏನಾಗುತ್ತದೆ? ಇದು ನಮ್ಮ ಮೇಲೆ ಹೊಸ ಕರ್ತವ್ಯ ಹೇರುತ್ತದಾ? ನಿಮ್ಮ ಮುಂದೆ ಬರುವ ಯಾವ ಪತ್ರವನ್ನೂ ಇದೇ ಎರಡು ಪ್ರಶ್ನೆಯಿಂದ ಅಳೆಯಿರಿ. ಮೊದಲನೆಯ ಬಗೆಯದಾದರೆ ಹೆಚ್ಚಾಗಿ ಅದು ನಿಮಗೂ ಒಳ್ಳೆಯದು. ಎರಡನೆಯ ಬಗೆಯದಾದರೆ, ಅಂದರೆ ‘ಈ ಬಿಲ್ ನಿಲ್ಲಿಸಿ, ಇಲ್ಲದಿದ್ದರೆ ಖರ್ಚು ಏರುತ್ತದೆ’ ಅಂತಿದ್ದರೆ, ಪತ್ರ ಮುಚ್ಚಿ ಬಿಲ್ ಅನ್ನೇ ಓದಿ. ಬಿಲ್ ನಂಬರ್ ಕೊಡದ ಪತ್ರಕ್ಕೆ ಸಹಿ ಹಾಕಲೇಬೇಡಿ. ಯಾವ ಕಂಪನಿಯ ಪರವಾಗಿ ಯಾರು ಲಾಬಿ ಮಾಡುತ್ತಿದ್ದಾರೆ ಅನ್ನುವುದನ್ನು ನಾರ್ತ್ ಕ್ಯಾರೊಲೈನಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ನೋಂದಣಿಯಲ್ಲಿ ಯಾರು ಬೇಕಾದರೂ ನೋಡಬಹುದು.

ನೀವು ಕಳಿಸಿದ ಪತ್ರದ ನಕಲು ಓದಿದೆ. ಅದು ಮೊದಲನೆಯ ಬಗೆಯದು, ಮೆಡಿಕೇಡ್ ‘ರೀಬೇಸ್’ಗೆ ಪೂರ್ತಿ ದುಡ್ಡು ಕೊಡಿ ಅನ್ನುತ್ತದೆ. ರೀಬೇಸ್ ಅಂದರೆ ಸದಸ್ಯರು ಎಷ್ಟು ಹೆಚ್ಚಾದರು, ಬೆಲೆ ಎಷ್ಟು ಏರಿತು ಅಂತ ನೋಡಿ ವರ್ಷಾ ವರ್ಷ ಲೆಕ್ಕ ಸರಿಮಾಡುವುದು. ಇದು ನಿಮ್ಮ ಮಗನಿಗೆ ದೂರದ ವಿಷಯ ಅಲ್ಲ. 2025ರಲ್ಲಿ ಏನಾಯಿತು ನೆನಪಿದೆಯಲ್ಲ. ರೀಬೇಸ್‌ಗೆ ದುಡ್ಡು ಬೇಕು ಅನ್ನುವುದರಲ್ಲಿ ರಾಜಧಾನಿ ರಾಲೀಯಲ್ಲಿರುವ ಶಾಸನಸಭೆಯ ಎರಡೂ ಸದನಗಳಿಗೆ ಜಗಳ ಇರಲಿಲ್ಲ. ಜೊತೆಗೆ ಸೇರಿಸಬೇಕಾದ ಬೇರೆ ಖರ್ಚುಗಳ ಮೇಲೆ ಒಮ್ಮತ ಬರಲಿಲ್ಲ. ಬೇಕಾದಷ್ಟು ದುಡ್ಡು ಪಾಸಾಗದೆ ಅಕ್ಟೋಬರ್ 1ರಿಂದ ಆರೋಗ್ಯ ಇಲಾಖೆ ಡಾಕ್ಟರ್, ಆಸ್ಪತ್ರೆ, ಥೆರಪಿಸ್ಟ್‌ಗಳ ದರವನ್ನು 3ರಿಂದ 10 ಶೇಕಡಾ ಇಳಿಸಿತು. ಎಬಿಎಗೆ 10 ಶೇಕಡಾ ಪೆಟ್ಟು ಬಿತ್ತು. ಆಟಿಸಂ ಇರುವ ಮಕ್ಕಳ ಕುಟುಂಬಗಳು ಕೋರ್ಟಿಗೆ ಹೋದವು, ತಡೆ ತಂದವು. ಡಿಸೆಂಬರ್‌ನಲ್ಲಿ ಗವರ್ನರ್ ಜಾಶ್ ಸ್ಟೈನ್ ಹಳೆಯ ದರಗಳನ್ನು ವಾಪಸ್ ತರಲು ಹೇಳಿದರು. ಆ ಕೆಲವೇ ವಾರಗಳಲ್ಲಿ ನನಗೆ ಬಂದ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: “ಕ್ಲಿನಿಕ್‌ನವರು ಇನ್ನು ಮೆಡಿಕೇಡ್ ಮಕ್ಕಳನ್ನು ತಗೊಳ್ಳುವುದಿಲ್ಲ ಅಂತಿದ್ದಾರೆ.” ಒಪ್ಪಿಗೆ ಪತ್ರ ಕೈಯಲ್ಲಿದ್ದು ಥೆರಪಿಸ್ಟೇ ಇಲ್ಲದಿದ್ದರೆ ಆ ಗಂಟೆಗಳನ್ನು ಏನು ಮಾಡುವುದು?

ಮುಂದಿನ ವರ್ಷಗಳಲ್ಲಿ ಈ ಎಳೆದಾಟ ಹೆಚ್ಚಾಗುವುದರಿಂದ ಅದರ ಕಾರಣವನ್ನೂ ಹೇಳಿಬಿಡುತ್ತೇನೆ. 2025ರ ಜುಲೈ 4ರಂದು ಸಹಿಯಾದ ಕೇಂದ್ರದ ದೊಡ್ಡ ಕಾನೂನು ಮೆಡಿಕೇಡನ್ನು ಹಲವು ಕಡೆ ಬಿಗಿ ಮಾಡಿದೆ. ತಿಂಗಳಿಗೆ 80 ಗಂಟೆ ಕೆಲಸದ ಲೆಕ್ಕ ತೋರಿಸಬೇಕು, ಆರು ತಿಂಗಳಿಗೊಮ್ಮೆ ನವೀಕರಣ ಮಾಡಿಸಬೇಕು ಅನ್ನುವ ಸುದ್ದಿ ಕೇಳಿ ನೀವು ಗಾಬರಿಯಾಗಿರಬಹುದು. ಅವೆರಡೂ ವಿಸ್ತರಣೆಯಲ್ಲಿ ಸೇರಿದ ದೊಡ್ಡವರಿಗೆ, ಮಕ್ಕಳಿಗಲ್ಲ. 2024ರ ಜನವರಿಯಿಂದ ಮಕ್ಕಳಿಗೆ ಒಮ್ಮೆ ಒಪ್ಪಿಗೆ ಸಿಕ್ಕಿದರೆ 12 ತಿಂಗಳು ಅದು ನಿಲ್ಲಬೇಕು ಅಂತಲೇ ಕಾನೂನಿದೆ. ನಡುವೆ ನಿಮ್ಮನೆಯವರಿಗೆ ಕೆಲಸ ಸಿಕ್ಕಿದರೂ ಆ ಅವಧಿ ಮುಗಿಯುವವರೆಗೆ ಮಗನ ಮೆಡಿಕೇಡ್ ಹೋಗುವುದಿಲ್ಲ.

ನಿಮ್ಮ ಮಗನಿಗೆ ತಟ್ಟುವುದು ಇನ್ನೊಂದು ಭಾಗ. ರಾಜ್ಯಗಳು ತಮ್ಮ ಪಾಲಿನ ದುಡ್ಡನ್ನು ಆಸ್ಪತ್ರೆಗಳ ಮೇಲೆ ತೆರಿಗೆ ಹಾಕಿ ಒಂದಷ್ಟು ಎತ್ತುತ್ತವೆ. ನಾರ್ತ್ ಕ್ಯಾರೊಲೈನಾ ವಿಸ್ತರಣೆಯ ತನ್ನ 10 ಶೇಕಡಾ ಪಾಲನ್ನು ಮುಖ್ಯವಾಗಿ ಹೀಗೇ ಹೊಂದಿಸಿದೆ. ವಿಸ್ತರಣೆ ಮಾಡಿದ ರಾಜ್ಯಗಳಲ್ಲಿ ಈ ತೆರಿಗೆಯ ಮಿತಿಯನ್ನು 6 ಶೇಕಡಾದಿಂದ 3.5ಕ್ಕೆ, 2028ರಿಂದ 2032ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಆಗ ರಾಜ್ಯದ ಕೈ ಬಿಗಿಯಾಗುತ್ತದೆ. ಮಕ್ಕಳಿಗೆ ಅಗತ್ಯವಾದ ಚಿಕಿತ್ಸೆಯನ್ನು ರಾಜ್ಯ ಪೂರ್ತಿ ತೆಗೆದುಹಾಕುವಂತಿಲ್ಲ. 21 ವರ್ಷದೊಳಗಿನವರಿಗೆ ‘ಇಪಿಎಸ್‌ಡಿಟಿ’ ಅನ್ನುವ ಗಟ್ಟಿ ರಕ್ಷಣೆ ಇದೆ. ಆದರೆ ದರ ಇಳಿಸಬಹುದು. ದರ ಇಳಿದರೆ ಏನಾಗುತ್ತದೆ ಅಂತ ಆ ಅಕ್ಟೋಬರ್‌ನಲ್ಲಿ ನೋಡಿದೆವು. ಹಾಗಾಗಿ ಈ ವಿಷಯದಲ್ಲಿ ಕಂಪನಿ, ಆಸ್ಪತ್ರೆ, ನೀವು ಮೂವರೂ ಒಂದೇ ಬಾಗಿಲು ತಟ್ಟುವುದರಲ್ಲಿ ತಪ್ಪಿಲ್ಲ.

ಹಾಗಾದರೆ ಸಹಿ ಹಾಕಬೇಕಾ? ನನ್ನ ಸಲಹೆ: ಪತ್ರ ಬರೆಯಿರಿ, ಅವರ ಫಾರಂನಲ್ಲಿ ಬೇಡ. ಅವರ ಫಾರಂನಲ್ಲಿ ಮಗನ ಹೆಸರು, ಕಾಯಿಲೆ, ಫೋಟೊ ಕೊಟ್ಟರೆ ಅದು ಆ ಸಂಘಟನೆಯ ಪಟ್ಟಿಗೆ ಸೇರುತ್ತದೆ. ಆಸ್ಪತ್ರೆಯ ದಾಖಲೆಗಿರುವ, ಗುಟ್ಟು ಕಾಯುವ ಕಾನೂನಿನ ರಕ್ಷಣೆ, ನೀವಾಗಿಯೇ ಕೈಯಾರೆ ಕೊಟ್ಟ ಕಥೆಗೆ ಇರುವುದಿಲ್ಲ. ಮುಂದಿನ ವರ್ಷ ಅದೇ ಕಥೆ ನೀವು ಒಪ್ಪದ ಬಿಲ್‌ನ ಜಾಹೀರಾತಿನಲ್ಲಿ ಬರಬಹುದು. ಅದೂ ಅಲ್ಲದೆ ಒಂದೇ ಅಚ್ಚಿನ ನೂರಾರು ಪತ್ರಗಳನ್ನು ಶಾಸಕರ ಕಚೇರಿಯವರು ಎಣಿಸಿ ಬದಿಗಿಡುತ್ತಾರೆ. ಒಬ್ಬ ತಾಯಿ ತನ್ನ ಮಾತಿನಲ್ಲಿ ಬರೆದ ಅರ್ಧ ಪುಟವನ್ನು ಓದುತ್ತಾರೆ. ನಾನು ಆ ಕಚೇರಿಗಳಲ್ಲಿ ಕಾಯುತ್ತಾ ಕೂತಿದ್ದಾಗ ಇದನ್ನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಏರಿಯಾದ ಹೌಸ್ ಸದಸ್ಯರು ಒಬ್ಬರು, ಸೆನೆಟರ್ ಒಬ್ಬರು ಇರುತ್ತಾರೆ. ಇಬ್ಬರಿಗೂ ಕಳಿಸಿ. ಮಗನ ಪೂರ್ತಿ ಹೆಸರು ಬೇಡ, ‘ನನ್ನ ಆರು ವರ್ಷದ ಮಗ’ ಸಾಕು. ಥೆರಪಿಯಿಂದ ಅವನು ಕಲಿತ ಒಂದು ಸಂಗತಿ ಬರೆಯಿರಿ. ಅಕ್ಟೋಬರ್‌ನಲ್ಲಿ ದರ ಇಳಿದಾಗ ನಿಮ್ಮ ಕ್ಲಿನಿಕ್‌ನಲ್ಲಿ ಏನಾಯಿತು ಅಂತ ಬರೆಯಿರಿ. ರೀಬೇಸ್‌ಗೆ ಪೂರ್ತಿ ದುಡ್ಡು ಕೊಡಿ ಅಂತ ಕೇಳಿ. ಕಂಪನಿಯ ಪತ್ರದಲ್ಲಿ ಇಲ್ಲದ ಒಂದು ಸಾಲು ನಿಮ್ಮದರಲ್ಲಿ ಇರಲಿ: ಕೊಟ್ಟ ದುಡ್ಡು ಮಕ್ಕಳಿಗೆ ತಲುಪುತ್ತಿದೆಯಾ ಅಂತ ನೋಡಿ, ಯಾವ ಪ್ಲಾನ್ ಎಷ್ಟು ಅರ್ಜಿ ತಿರಸ್ಕರಿಸುತ್ತದೆ ಅನ್ನುವುದರ ಮೇಲೆ ಕಣ್ಣಿಡಿ.

ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಒಂದು ಜಾಗ ಇದೆ. 2025ರ ಜುಲೈನಿಂದ ಪ್ರತಿ ರಾಜ್ಯವೂ ಮೆಡಿಕೇಡ್ ಪಡೆಯುವವರು, ಅವರ ಮನೆಯವರು, ಅವರನ್ನು ನೋಡಿಕೊಳ್ಳುವವರು ಮಾತ್ರ ಇರುವ ಒಂದು ಸಲಹಾ ಮಂಡಳಿ ಇಟ್ಟುಕೊಳ್ಳಬೇಕು ಅಂತ ಕೇಂದ್ರದ ನಿಯಮ ಇದೆ. ಅಲ್ಲಿ ಕೂರುವ ಅಮ್ಮಂದಿರಲ್ಲಿ ನಮ್ಮವರು ಕಡಿಮೆ. ಮೆಡಿಕೇಡ್ ಅಂದರೆ ನಾಚಿಕೆ, ನಾಲ್ಕು ಜನಕ್ಕೆ ಗೊತ್ತಾಗಬಾರದು ಅನ್ನುವ ಸಂಕೋಚ ನಮ್ಮಲ್ಲಿ ತುಂಬಾ. ನೀವು ಇಷ್ಟೂ ವರ್ಷ ಕಟ್ಟಿದ ತೆರಿಗೆಯೂ ಅದರಲ್ಲಿದೆ. ಏನೂ ಮಾಡದೆ ಸುಮ್ಮನಿದ್ದರೂ ನಿಮಗೆ ಹಾನಿಯಿಲ್ಲ, ಈಗ ಮನೆಯಲ್ಲಿ ಅಷ್ಟು ಶಕ್ತಿ ಉಳಿದಿಲ್ಲ ಅಂದರೆ ಅದೂ ಸರಿಯೇ.

ಆದರೆ ಮೊನ್ನೆ ಬಂದ ಎರಡನೇ ಕಾಗದವನ್ನು ಮಾತ್ರ ಬದಿಗಿಡಬೇಡಿ. ಶಾಸಕರಿಗೆ ಬರೆಯುವುದಕ್ಕಿಂತ ಅದು ಅವಸರದ್ದು. ಅದರ ಮೇಲಿನ ತಾರೀಖು ನೋಡಿ. ಅಲ್ಲಿಂದ 60 ದಿನದೊಳಗೆ ಕಂಪನಿಗೇ ಅಪೀಲ್ ಹಾಕಬೇಕು. ಹಳೆಯ ಒಪ್ಪಿಗೆಯ ಅವಧಿ ಇನ್ನೂ ಮುಗಿದಿಲ್ಲದಿದ್ದರೆ, ಸಾಮಾನ್ಯವಾಗಿ 10 ದಿನದೊಳಗೆ ಕೇಳಿಕೊಂಡರೆ, ಅಪೀಲ್ ನಡೆಯುವಾಗ ಹಳೆಯ ಗಂಟೆಗಳೇ ಮುಂದುವರಿಯುತ್ತವೆ. ಸೋತರೆ ಆ ಖರ್ಚನ್ನು ವಾಪಸ್ ಕೇಳುವ ಸಾಧ್ಯತೆ ಇದೆ, ಅದನ್ನು ತಿಳಿದೇ ಕೇಳಿ. ಕಂಪನಿ ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಅಲ್ಲೂ ಒಪ್ಪದಿದ್ದರೆ 120 ದಿನದೊಳಗೆ ರಾಜ್ಯದ ವಿಚಾರಣೆ ಕೇಳಬಹುದು. ಅಲ್ಲಿ ಕೇಳುವವರು ಕಂಪನಿಯವರಲ್ಲ, ಆಡಳಿತ ನ್ಯಾಯಾಧೀಶರು.

ಅಪೀಲ್‌ಗೆ ಮಗನ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿ. ‘ಇವನಿಗೆ ಎಬಿಎ ಬೇಕು’ ಅಂತ ಬರೆದರೆ ಸಾಲದು. ವಾರಕ್ಕೆ ಎಷ್ಟು ಗಂಟೆ, ಯಾಕೆ ಅಷ್ಟೇ ಗಂಟೆ, ಮೊದಲ ಸಲ ಕಡಿಮೆ ಮಾಡಿದ ಮೇಲೆ ಯಾವ ಕೌಶಲ ಹಿಂದೆ ಬಿತ್ತು, ಇಷ್ಟು ಇರಲಿ. ‘ಇಪಿಎಸ್‌ಡಿಟಿ ಪ್ರಕಾರ ವೈದ್ಯಕೀಯವಾಗಿ ಅಗತ್ಯ’ ಅನ್ನುವ ಮಾತು ಅದರಲ್ಲಿ ಬರಲಿ. ಡಿಸೆಬಿಲಿಟಿ ರೈಟ್ಸ್ ನಾರ್ತ್ ಕ್ಯಾರೊಲೈನಾ, ಲೀಗಲ್ ಏಯ್ಡ್ ಆಫ್ ನಾರ್ತ್ ಕ್ಯಾರೊಲೈನಾ, ಎರಡೂ ಉಚಿತವಾಗಿ ಕಾನೂನು ನೆರವು ಕೊಡುವ ಸಂಸ್ಥೆಗಳು. ಈ ವಾರವೇ ಫೋನ್ ಮಾಡಿ. ಕಾಗದದಲ್ಲಿ ಕಂಪನಿ ಕೊಟ್ಟ ಕಾರಣ ಏನು ಅಂತ ನನಗೂ ಬರೆದು ಕಳಿಸಿ, ಅಪೀಲ್ ಪತ್ರದ ಮೊದಲ ಪ್ಯಾರಾ ಒಟ್ಟಿಗೆ ಕೂತು ಬರೆಯೋಣ.